ಕ್ಯಾಸೆಟ್ ಇನ್ನೂ ಹಾಡುತ್ತದೆ, ಡ್ಯಾಟ್ ಮೂಕಾಗಿದೆ

ಬಾಗಲಕೋಟೆಯ ನವನಗರದಲ್ಲಿ ನನಗೆ ಬೇಕಾದ ನಿವೃತ್ತ ಮಾಸ್ತರರೊಬ್ಬರಿದ್ದಾರೆ. ಅವರ ಅಟ್ಟದ ಮೇಲೊಂದು ತಗಡಿನ ಟ್ರಂಕು. ಅದರೊಳಗೆ ಸುಮಾರು 60 ಸಾದಾ ಕ್ಯಾಸೆಟ್ಟುಗಳು, ಅಂಗೈಯೊಳಗೆ ಮುಚ್ಚಿಹೋಗುವಂಥ 11 ಪುಟ್ಟ ಕ್ಯಾಸೆಟ್ಟುಗಳು, ಇನ್ನಷ್ಟು ಚೌಕಾಕಾರದ ಪ್ಲಾಸ್ಟಿಕ್ ಬಿಲ್ಲೆಗಳು. 1980ರ ದಶಕದಿಂದ, ಆಲಮಟ್ಟಿ ಅಣೆಕಟ್ಟಿನ ಮುಳುಗಡೆ ಊರುಗಳು ಗಂಟುಮೂಟೆ ಕಟ್ಟುತ್ತಿದ್ದ 1990ರ ದಶಕದ ಕೊನೆಯವರೆಗೂ ಮಾಸ್ತರರು ಸಂಜೆ ಹೊತ್ತು ಊರೂರು ತಿರುಗಿ ಪದ ಮುದ್ರಿಸಿಕೊಂಡವರು. ಮೊದಲು ಸ್ವಂತ ಟೇಪ್‌ರೆಕಾರ್ಡರಿನಲ್ಲಿ, ಆಮೇಲೆ ಹೊರಗಿನಿಂದ ಬಂದ ಸಂಶೋಧಕರೊಬ್ಬರ ಡಿಜಿಟಲ್ ಯಂತ್ರದಲ್ಲಿ. ‘ಡಿಜಿಟಲ್ ಅಂದ್ರ ನೂರು ವರ್ಷ ಕೆಡಂಗಿಲ್ಲ ಅಂದಿದ್ರು ಆ ಪುಣ್ಯಾತ್ಮ’ ಎಂದು ಮಾಸ್ತರರು ನಗುತ್ತಾರೆ. ಹಾಗೆ ನಂಬಿ ಒಳ್ಳೊಳ್ಳೆಯ ಹಾಡುಗಾರರನ್ನೆಲ್ಲ ಆ ಯಂತ್ರಕ್ಕೆಂದೇ ಕಾದಿರಿಸಿದ್ದರಂತೆ.

ಟ್ರಂಕು ತೆರೆದ ದಿನ ಕೈಗೆ ಸಿಕ್ಕ ಮೊದಲ ಸಾದಾ ಕ್ಯಾಸೆಟ್ಟಿನ ಮೇಲೆ 1986 ಎಂದು ಬರೆದಿತ್ತು. ಪಕ್ಕದ ಮನೆಯವರ ಹಳೆಯ ಟೇಪ್‌ರೆಕಾರ್ಡರಿಗೆ ಹಾಕಿದೆವು. ಸುಂಯ್ ಎನ್ನುವ ಗದ್ದಲದ ಹಿಂದಿನಿಂದ ಭಜನಿ ಮೇಳದ ತಾಳ, ದಮಡಿ, ಒಂದು ಒಡಕು ಕಂಠ, ಎಲ್ಲ ಬಂತು. ಪುಟ್ಟ ಡಿಜಿಟಲ್ ಕ್ಯಾಸೆಟ್ಟನ್ನು ಹಾಕುವುದಕ್ಕೆ ಮಾತ್ರ ಇಡೀ ಓಣಿಯಲ್ಲಿ, ಇಡೀ ಊರಿನಲ್ಲಿ ಒಂದು ಯಂತ್ರವೂ ಇರಲಿಲ್ಲ.

ಆ ಪುಟ್ಟ ಕ್ಯಾಸೆಟ್ಟಿನ ಹೆಸರು ಡ್ಯಾಟ್, ಅಂದರೆ ಡಿಜಿಟಲ್ ಆಡಿಯೊ ಟೇಪ್. ಸೋನಿ ಕಂಪನಿ 1987ರಲ್ಲಿ ಜಪಾನಿನ ಮಾರುಕಟ್ಟೆಗೆ ತಂದದ್ದು. 73 ಮಿಲಿಮೀಟರ್ ಉದ್ದ, 54 ಮಿಲಿಮೀಟರ್ ಅಗಲ, ಒಳಗೆ 4 ಮಿಲಿಮೀಟರಿಗೂ ಕಿರಿದಾದ ಪಟ್ಟಿ. ಧ್ವನಿಯನ್ನು ಸೆಕೆಂಡಿಗೆ 48,000 ಸಲ ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಡುವ ಈ ಪಟ್ಟಿಯಲ್ಲಿ ಎರಡು ತಾಸಿನ ಸಂಗೀತ ಹಿಡಿಸುತ್ತಿತ್ತು. ಲೆಕ್ಕ ಹಾಕಿ ನೋಡಿ, ಗಂಟೆಗೆ ಸುಮಾರು 690 ಎಂಬಿ. ಕಂಪ್ಯೂಟರಿನ ಹಾರ್ಡ್‌ಡಿಸ್ಕ್ 40 ಎಂಬಿ ಇದ್ದರೆ ಅದೇ ದೊಡ್ಡದು ಅನ್ನುತ್ತಿದ್ದ ಕಾಲ ಅದು; ಅಂಥ ಡಿಸ್ಕಿನಲ್ಲಿ ಒಂದು ತತ್ವಪದದ ಪಲ್ಲವಿ ಮುಗಿಯುವುದರೊಳಗೆ ಜಾಗ ತೀರಿಹೋಗುತ್ತಿತ್ತು. ಅಷ್ಟೊಂದು ಅಂಕಿಗಳನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಹೋಗಲು ಆಗ ಬೇರೆ ದಾರಿಯೇ ಇರಲಿಲ್ಲ.

ಇಷ್ಟು ತುಂಬಿದ್ದು ಹೇಗೆ ಎಂಬುದನ್ನು ವಿಜಯಪುರದ ಒಬ್ಬ ರಿಪೇರಿಯವರು ನನಗೆ ಒಂದೇ ಮಾತಿನಲ್ಲಿ ಹೇಳಿದರು. ಕೆಟ್ಟುಹೋದ ಡ್ಯಾಟ್ ಯಂತ್ರವೊಂದರ ಮೇಲ್ಮುಚ್ಚಳ ತೆಗೆದು ಟಾರ್ಚ್ ಹಿಡಿದು ನೋಡಿದವರೇ, ‘ಇದು ಟೇಪ್ ಅಲ್ಲರೀ ಸರ, ಒಳಗ ವಿಸಿಆರ್ ಐತಿ’ ಅಂದರು. ಅಕ್ಷರಶಃ ನಿಜ. ಸಾದಾ ಟೇಪ್‌ರೆಕಾರ್ಡರಿನಲ್ಲಿ ಪಟ್ಟಿಯ ಮೇಲೆ ಬರೆಯುವ, ಓದುವ ಹೆಡ್ ನಿಂತಲ್ಲೇ ನಿಂತಿರುತ್ತದೆ, ಪಟ್ಟಿ ಅದರ ಮುಂದೆ ಹಾಯುತ್ತದೆ. ಡ್ಯಾಟ್‌ನಲ್ಲಿ 30 ಮಿಲಿಮೀಟರ್ ವ್ಯಾಸದ ಒಂದು ಉರುಳೆ ನಿಮಿಷಕ್ಕೆ 2,000 ಸುತ್ತು ತಿರುಗುತ್ತದೆ. ಅದರ ಅಂಚಿಗೆ ಕೂತ ಹೆಡ್‌ಗಳು ಪಟ್ಟಿಯ ಮೇಲೆ ಓರೆಯಾಗಿ ಗೆರೆ ಎಳೆಯುತ್ತ ಹೋಗುತ್ತವೆ. ಪಟ್ಟಿ ಸರಿಯುವುದು ಸೆಕೆಂಡಿಗೆ 8.15 ಮಿಲಿಮೀಟರ್ ಮಾತ್ರ, ಇರುವೆ ನಡಿಗೆ. ಹೆಡ್ ಅದರ ಮೇಲೆ ಓಡುವ ವೇಗ ಸೆಕೆಂಡಿಗೆ 3 ಮೀಟರಿಗೂ ಹೆಚ್ಚು. ಒಂದು ಗೆರೆಯ ಅಗಲ 13.6 ಮೈಕ್ರಾನ್, ಕೂದಲೆಳೆಯ ಅಗಲದಲ್ಲಿ ನಾಲ್ಕೈದು ಗೆರೆ ಕೂಡ್ರಿಸಬಹುದು.

ವಿಡಿಯೊದ ಈ ನಂಟು ಆಕಸ್ಮಿಕವಲ್ಲ. ಡ್ಯಾಟ್‌ಗೂ ಮುಂಚೆ, 1970ರ ದಶಕದ ಕೊನೆಯಲ್ಲೇ, ಡಿಜಿಟಲ್ ಧ್ವನಿಯನ್ನು ಕಪ್ಪು-ಬಿಳುಪು ಚಿತ್ರದಂತೆ ವೇಷ ಹಾಕಿಸಿ ವಿಡಿಯೊ ಟೇಪಿನ ಮೇಲೆ ಬರೆಯುತ್ತಿದ್ದರು. ಸಿಡಿಯಲ್ಲಿ ಸೆಕೆಂಡಿಗೆ 44,100 ಅಳತೆ ಎಂಬ ವಿಚಿತ್ರ ಸಂಖ್ಯೆ ಬಂದದ್ದು ಅಲ್ಲಿಂದಲೇ: ಟಿವಿ ಚಿತ್ರದ ಒಂದು ಗೆರೆಗೆ 3 ಅಳತೆ, ಒಂದು ಫೀಲ್ಡಿಗೆ (ಅಂದರೆ ಅರ್ಧ ಚಿತ್ರಕ್ಕೆ) ಬಳಕೆಗೆ ಬರುವ 245 ಗೆರೆ, ಸೆಕೆಂಡಿಗೆ 60 ಫೀಲ್ಡು. ಗುಣಿಸಿದರೆ 44,100. (ಮನೆಯ ಹಳೆಯ ವಿಡಿಯೊ ಕ್ಯಾಸೆಟ್ಟು ಹಾಕಿದಾಗ ಪರದೆಯ ಮೇಲೆ ಬರೀ ಚುಕ್ಕಿ ಕುಣಿದರೆ ಎಸೆಯುವ ಮುನ್ನ ಒಂದು ಸಲ ಯೋಚಿಸಿ. ಅದರೊಳಗೆ ಯಾರಾದರೂ ಹಾಡುತ್ತಿರಬಹುದು.)

ಇಷ್ಟು ಒಳ್ಳೆಯ ಯಂತ್ರ ನಮ್ಮ ಮನೆಗಳಿಗೆ ಯಾಕೆ ಬರಲಿಲ್ಲ? ತಂತ್ರಜ್ಞಾನ ಸೋತಿತು, ಸಿಡಿ ಗೆದ್ದಿತು ಎಂದು ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಡ್ಯಾಟನ್ನು ಕಟ್ಟಿಹಾಕಿದ್ದು ಒಂದು ಭಯ.

ಸಾದಾ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಪ್ರತಿ ಮಾಡಿದರೆ ಪ್ರತಿ ಸಲವೂ ಗುಣ ಇಳಿಯುತ್ತದೆ. ಐದನೆಯ ಪ್ರತಿಯಲ್ಲಿ ಹಾಡುವವರು ಕಂಬಳಿ ಹೊದ್ದು ಹಾಡಿದ ಹಾಗೆ ಕೇಳಿಸುತ್ತದೆ. ಡಿಜಿಟಲ್ ಪ್ರತಿಗೆ ಆ ಸವಕಳಿ ಇಲ್ಲ. ನೂರನೆಯದೂ ಮೊದಲನೆಯದರಷ್ಟೇ ಸ್ವಚ್ಛ. ಇದನ್ನು ಕಂಡು ಅಮೆರಿಕದ ರೆಕಾರ್ಡ್ ಕಂಪನಿಗಳ ಎದೆ ಹೊಡೆದುಕೊಂಡಿತು. ಸಿಬಿಎಸ್ ಕಂಪನಿ ಮುಂದಿಟ್ಟ ‘ಕಾಪಿಕೋಡ್’ ಎಂಬ ಉಪಾಯದಲ್ಲಿ ಸಂಗೀತದೊಳಗಿನ 3,840 ಹರ್ಟ್ಜ್ ಆಸುಪಾಸಿನ ಒಂದು ಚೂರನ್ನೇ ಕತ್ತರಿಸಿ ತೆಗೆಯುವುದು. ಆ ಖಾಲಿ ಜಾಗ ಕಂಡೊಡನೆ ರೆಕಾರ್ಡರು ಮುದ್ರಣ ನಿಲ್ಲಿಸಬೇಕು. ಕಳ್ಳ ಬಾರದಿರಲಿ ಎಂದು ಮನೆಯ ಗೋಡೆಯನ್ನೇ ಒಡೆದುಕೊಂಡ ಹಾಗೆ. 1988ರಲ್ಲಿ ಅಲ್ಲಿನ ಸರಕಾರಿ ಮಾನಕ ಸಂಸ್ಥೆ ಪರೀಕ್ಷಿಸಿ, ಇದು ಸಂಗೀತವನ್ನೂ ಕೆಡಿಸುತ್ತದೆ, ಸುಲಭವಾಗಿ ಮೋಸವನ್ನೂ ಹೋಗುತ್ತದೆ ಎಂದು ತಳ್ಳಿಹಾಕಿತು. ತಮಾಷೆ ಎಂದರೆ ಅದೇ ವರ್ಷ ಸೋನಿ ಕಂಪನಿಯೇ ಸಿಬಿಎಸ್ ರೆಕಾರ್ಡ್ಸನ್ನು 200 ಕೋಟಿ ಡಾಲರಿಗೆ ಕೊಂಡುಕೊಂಡಿತ್ತು. ಯಂತ್ರ ಮಾಡುವವರು, ಯಂತ್ರಕ್ಕೆ ಹೆದರುವವರು ಇಬ್ಬರೂ ಒಂದೇ ಸೂರಿನಡಿ.

ಆಮೇಲೆ ಬಂದದ್ದು ಎಸ್‌ಸಿಎಂಎಸ್ ಎಂಬ ಬೀಗ. ಮೂಲದಿಂದ ಪ್ರತಿ ಮಾಡಬಹುದು, ಪ್ರತಿಯಿಂದ ಮತ್ತೊಂದು ಪ್ರತಿ ಮಾಡುವಂತಿಲ್ಲ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಮನೆಬಳಕೆಯ ಯಂತ್ರಕ್ಕೆ ನೀವು ನಿಮ್ಮ ಅಜ್ಜಿಯ ಬೀಸುವ ಪದ ಮುದ್ರಿಸಿದ್ದೀರೋ, ಅಂಗಡಿಯ ಸಿಡಿ ಕದ್ದಿದ್ದೀರೋ ಗೊತ್ತಾಗುವುದಿಲ್ಲ. ಅಜ್ಜಿಯ ಪದಕ್ಕೂ ಅದೇ ಬೀಗ ಜಡಿಯುತ್ತಿತ್ತು. 1990ರಲ್ಲಿ ಅಮೆರಿಕದ ಹಾಡು ಬರೆಯುವವರು ಸೋನಿಯ ಮೇಲೆ ದಾವೆ ಹೂಡಿದರು, ಮರುವರ್ಷ ರಾಜಿಯಾಯಿತು, 1992ರ ಅಕ್ಟೋಬರಿನಲ್ಲಿ ಕಾನೂನೇ ಬಂತು: ಡಿಜಿಟಲ್ ರೆಕಾರ್ಡರಿನ ಮೇಲೆ ಶೇ 2, ಖಾಲಿ ಟೇಪಿನ ಮೇಲೆ ಶೇ 3 ರಾಯಧನ, ಜತೆಗೆ ಬೀಗ ಕಡ್ಡಾಯ. ಅಷ್ಟರಲ್ಲಿ ಡ್ಯಾಟ್ ಹುಟ್ಟಿ ಐದು ವರ್ಷ ಕಳೆದಿತ್ತು. ಮದುವೆ ವಯಸ್ಸು ಕೋರ್ಟಿನಲ್ಲೇ ಕಳೆದ ಹುಡುಗಿಯ ಹಾಗೆ ಅದು ಮನೆಗಳಿಗೆ ಹೊಕ್ಕುವ ಹೊತ್ತು ಮೀರಿತು.

ಹಾಗಾಗಿ ಡ್ಯಾಟ್ ಸ್ಟುಡಿಯೊಗಳಿಗೆ, ಆಕಾಶವಾಣಿಯಂಥ ಕಡೆಗೆ, ಊರೂರು ತಿರುಗುವ ಸಂಶೋಧಕರ ಚೀಲಕ್ಕೆ ಸೇರಿತು. ಸ್ಟುಡಿಯೊಗಳಲ್ಲಿ ಹಾಡಿನ ಅಂತಿಮ ರೂಪವನ್ನು ಡ್ಯಾಟ್‌ಗೆ ಇಳಿಸಿ, ಅದರಿಂದ ಕ್ಯಾಸೆಟ್ಟುಗಳ ಪ್ರತಿ ಎತ್ತುವುದು 1990ರ ದಶಕದ ರೂಢಿ. ನಾವು ಬಸ್‌ಸ್ಟ್ಯಾಂಡಿನಲ್ಲಿ ಕೊಂಡು ಕೇಳಿದ ಎಷ್ಟೋ ಕ್ಯಾಸೆಟ್ಟುಗಳ ತಾಯಿ ಹೀಗೆ ಒಂದು ಡ್ಯಾಟ್. ಕಂಪ್ಯೂಟರಿನ ಮಾಹಿತಿ ಕಾಯ್ದಿಡಲು ಅದೇ ಪಟ್ಟಿ ಡಿಡಿಎಸ್ ಎಂಬ ಹೆಸರಿನಲ್ಲಿ ಇನ್ನೊಂದು ಜನ್ಮ ಎತ್ತಿತು. ಆಮೇಲೆ ಬರೆಯಬಹುದಾದ ಸಿಡಿ ಅಗ್ಗವಾಯಿತು, ಹಾರ್ಡ್‌ಡಿಸ್ಕ್ ಅಗ್ಗವಾಯಿತು, ಮೆಮೊರಿ ಕಾರ್ಡಿನ ರೆಕಾರ್ಡರು ಬಂತು. 2005ರಲ್ಲಿ ಸೋನಿ ಕೊನೆಯ ಡ್ಯಾಟ್ ಯಂತ್ರಗಳನ್ನು ಕಳಿಸಿ ಅಂಗಡಿ ಮುಚ್ಚಿತು. ಯಾವ ಅಕ್ರಮ ಪ್ರತಿಗಳ ಭಯಕ್ಕೆ ಇಷ್ಟೆಲ್ಲ ಬೀಗ ಹಾಕಿದ್ದರೋ ಅದು ಕೊನೆಗೆ ಎಂಪಿ3 ರೂಪದಲ್ಲಿ ಕಂಪ್ಯೂಟರಿನ ಬಾಗಿಲಿನಿಂದ ಒಳಗೆ ಬಂತು. ಆ ಬಾಗಿಲಿಗೆ 1992ರ ಕಾನೂನಿನ ಬೀಗ ಹೊಂದುತ್ತಲೇ ಇರಲಿಲ್ಲ.

ಇದು ಅಮೆರಿಕ-ಜಪಾನಿನ ಹಳೆಯ ಜಗಳ, ನಮಗೇನು ಅನ್ನಬಹುದು. ಮಾಸ್ತರರ ಟ್ರಂಕಿಗೆ ಅದು ನೇರವಾಗಿ ತಾಗುತ್ತದೆ. ಸಾದಾ ಕ್ಯಾಸೆಟ್ಟನ್ನು ಫಿಲಿಪ್ಸ್ ಕಂಪನಿ 1963ರಲ್ಲಿ ತಂದಿತು. ಯಂತ್ರ ಸರಳ, ಮಾಡುವವರು ಸಾವಿರ ಮಂದಿ. ಹಾಗಾಗಿ ಇವತ್ತಿಗೂ ಇಳಕಲ್ಲಿನಲ್ಲೋ ಚಿಕ್ಕೋಡಿಯಲ್ಲೋ ಯಾರದಾದರೂ ಅಟ್ಟದ ಮೇಲೆ ಒಂದು ಟೇಪ್‌ರೆಕಾರ್ಡರು ಇದ್ದೇ ಇರುತ್ತದೆ, ಬೆಲ್ಟ್ ಬದಲಿಸಿದರೆ ತಿರುಗುತ್ತದೆ. ಡ್ಯಾಟ್ ಯಂತ್ರ ಮನೆಗಳಿಗೆ ಬಾರದೆ ಹೋದದ್ದರಿಂದ ಆಗ ತಯಾರಾದದ್ದೇ ಕಡಿಮೆ, ಉಳಿದದ್ದು ಅದಕ್ಕಿಂತ ಕಡಿಮೆ. ಉರುಳೆಯ ಹೆಡ್ ಸವೆದರೆ ಹೊಸದು ಸಿಗದು. ಗ್ರೀಸು ಗಟ್ಟಿಯಾಗಿ, ರಬ್ಬರ್ ರೋಲರ್ ನುಣ್ಣಗಾಗಿ, ಹಾಕಿದ ಟೇಪನ್ನೇ ನುಂಗಿಬಿಡುವ ಯಂತ್ರಗಳೇ ಹೆಚ್ಚು. ವಿಸಿಆರ್ ಬಿಚ್ಚಿ ಜೋಡಿಸುತ್ತಿದ್ದ ಕೈಗಳೂ ಈಗ ಮೊಬೈಲ್ ಡಿಸ್‌ಪ್ಲೇ ಬದಲಿಸುತ್ತ ಕೂತಿವೆ. ವಿಜಯಪುರದ ಆ ರಿಪೇರಿಯವರಿಗೆ ಅರವತ್ತು ದಾಟಿದೆ, ಅವರ ಮಗನಿಗೆ ಉರುಳೆ ಹೆಡ್ ಎಂದರೆ ಏನೆಂದು ಗೊತ್ತಿಲ್ಲ.

ಇನ್ನೊಂದು ತೊಡಕು ಡಿಜಿಟಲ್ ಎಂಬುದರ ಸ್ವಭಾವದಲ್ಲೇ ಇದೆ. ನಮ್ಮ ಕಡೆ ಜೋಳ ಬಿತ್ತುವ ಕೂರಿಗೆ ನೆನೆಸಿಕೊಳ್ಳಿ. ಬೀಜ ಇಳಿಯುವ ಒಂದು ತಾಳಿಗೆ ಮಣ್ಣು ಕಟ್ಟಿದರೆ ಆ ಸಾಲು ಖಾಲಿ, ಪಕ್ಕದ ಸಾಲಿನಲ್ಲಿ ಬೆಳೆ ಇದ್ದೇ ಇರುತ್ತದೆ. ಡ್ಯಾಟ್ ಕೂಡ ಅಂಕಿಗಳನ್ನು ಹೀಗೆ ಬೇರೆಬೇರೆ ಸಾಲಿಗೆ ಚದುರಿಸಿ ಬಿತ್ತುತ್ತದೆ. ಸಮ ಸಂಖ್ಯೆಯವು ಒಂದು ಗೆರೆಗೆ, ಬೆಸ ಸಂಖ್ಯೆಯವು ಇನ್ನೊಂದಕ್ಕೆ. ಎರಡರಲ್ಲಿ ಒಂದು ಹೆಡ್ಡಿಗೆ ಧೂಳು ಕಟ್ಟಿದರೂ ಯಂತ್ರ ಅಕ್ಕಪಕ್ಕದ ಅಂಕಿ ನೋಡಿ ನಡುವಿನದನ್ನು ಊಹಿಸಿ ತುಂಬಿಕೊಂಡು ಹಾಡುತ್ತಲೇ ಹೋಗುತ್ತದೆ. ಜಾಣತನವೇನೋ ಹೌದು. ಆದರೆ ಒಳಗೆ ಅರ್ಧ ಬೆಳೆ ಹೋಗಿದ್ದರೂ ಹೊರಗಿನವರಿಗೆ ಸುಳಿವೇ ಸಿಗುವುದಿಲ್ಲ. ದೋಷ ಒಂದು ಮಿತಿ ದಾಟಿದ ಕ್ಷಣ ಟಪ್ ಎಂದು ಮೌನ. ಕ್ಯಾಸೆಟ್ಟು ಮುದುಕರ ಹಾಗೆ ಕೆಮ್ಮುತ್ತ, ನರಳುತ್ತ, ನಾಲ್ಕು ಸಲ ಎಚ್ಚರಿಕೆ ಕೊಟ್ಟು ಹೋಗುತ್ತದೆ. ಡ್ಯಾಟ್ ನಿನ್ನೆ ನಗುನಗುತ್ತ ಇತ್ತು, ಇವತ್ತು ಇಲ್ಲ. ಸಾಲದ್ದಕ್ಕೆ, ಗೆರೆಗಳು ಅಷ್ಟು ಸಣ್ಣವಾದ್ದರಿಂದ, ಹೊಂದಾಣಿಕೆ ತಪ್ಪಿದ ಯಂತ್ರದಲ್ಲಿ ಮುದ್ರಿಸಿದ ಟೇಪು ಬೇರೆ ಯಂತ್ರದಲ್ಲಿ ಓದಲಾಗದೆ ಆ ಒಂದೇ ಯಂತ್ರದಲ್ಲಿ ಹಾಡುವುದೂ ಉಂಟು.

ಚೌಕಾಕಾರದ ಬಿಲ್ಲೆಗಳ ಕತೆ ಸ್ವಲ್ಪ ಬೇರೆ. ಅವು ಮಿನಿಡಿಸ್ಕ್, 1992ರ ಕೊನೆಗೆ ಸೋನಿಯೇ ತಂದದ್ದು. 64 ಮಿಲಿಮೀಟರಿನ ತಟ್ಟೆ. ಲೇಸರ್ ಕಿರಣ ಒಂದು ಚುಕ್ಕಿಯನ್ನು ಕಾಯಿಸುತ್ತದೆ, ಆ ಬಿಸಿಯಲ್ಲಿ ಆಚೆ ಬದಿಯ ಅಯಸ್ಕಾಂತ ಅದಕ್ಕೆ ದಿಕ್ಕು ಕೊಡುತ್ತದೆ, ಆರಿದ ಮೇಲೆ ಗಟ್ಟಿ. ಜಾಗ ಸಾಲದ್ದಕ್ಕೆ ಧ್ವನಿಯನ್ನು ಐದರಲ್ಲಿ ಒಂದು ಪಾಲಿಗೆ ಹಿಂಡಿ, ಕಿವಿಗೆ ಕೇಳಿಸದು ಎಂದು ಲೆಕ್ಕ ಹಾಕಿದ ಭಾಗವನ್ನೆಲ್ಲ ಬಿಟ್ಟು, 74 ನಿಮಿಷ ಬರೆಯುತ್ತಿತ್ತು. ತಟ್ಟೆ ಗಟ್ಟಿಮುಟ್ಟು, ಟೇಪಿನಂತೆ ಅಂಟುವುದಿಲ್ಲ, ಸುಕ್ಕಾಗುವುದಿಲ್ಲ. ನನ್ನ ಕೈಯಲ್ಲಿ ಅದು ಕೆಟ್ಟದ್ದು ನನ್ನ ಅವಸರದಿಂದ. 2001ರ ಅಲಾಯಿ (ಮೊಹರಂ) ಹಬ್ಬದಲ್ಲಿ ವಿಜಯಪುರ ಸಮೀಪದ ಹಳ್ಳಿಯೊಂದರಲ್ಲಿ ಬೆಳಗಿನ ಜಾವ ರಿವಾಯತ್ ಪದ ಮುದ್ರಿಸಿಕೊಂಡೆ. ಬೆಳಗ್ಗೆ ನಿಲ್ಲಿಸಿದ ತಕ್ಷಣ ಸೆಲ್ ಬದಲಿಸಲು ಮುಚ್ಚಳ ತೆಗೆದೆ. ಮಿನಿಡಿಸ್ಕ್ ಮುದ್ರಣ ನಿಲ್ಲಿಸಿದ ಮೇಲೆಯೇ ಯಾವ ಹಾಡು ಎಲ್ಲಿದೆ ಎಂಬ ಪಟ್ಟಿಯನ್ನು ತಟ್ಟೆಯ ಮೇಲೆ ಬರೆಯುವುದು. ನಾನು ಆ ಅರೆನಿಮಿಷ ಕಾಯಲಿಲ್ಲ. ಹಾಡೆಲ್ಲ ತಟ್ಟೆಯ ಮೇಲಿದೆ, ವಿಳಾಸ ಮಾತ್ರ ಇಲ್ಲ. ಯಂತ್ರದ ಪಾಲಿಗೆ ಅದು ಖಾಲಿ ಡಿಸ್ಕು.

ಮಿನಿಡಿಸ್ಕಿಗೂ ಅದೇ ಭಯದ ಬೀಗ ಬಿದ್ದಿತ್ತು. 2001ರ ನೆಟ್‌ಎಂಡಿ ಯಂತ್ರಗಳಲ್ಲಿ ಕಂಪ್ಯೂಟರಿನಿಂದ ಡಿಸ್ಕಿಗೆ ಹಾಡು ಇಳಿಸಬಹುದಿತ್ತು; ಡಿಸ್ಕಿನಲ್ಲಿ ನೀವೇ ಮುದ್ರಿಸಿದ್ದನ್ನು ಕಂಪ್ಯೂಟರಿಗೆ ಏರಿಸುವಂತಿರಲಿಲ್ಲ. ಹಳೆಯ ಡಿಸ್ಕುಗಳಿಗೆ ಆ ಸೌಲಭ್ಯ ಸಿಕ್ಕಿದ್ದು 2006ರ ಎಂಝಡ್-ಆರ್‌ಎಚ್1 ಎಂಬ ಪುಟ್ಟ ಯಂತ್ರದಲ್ಲಿ, ಆಟ ಮುಗಿಯುತ್ತ ಬಂದಾಗ. ಈಚೆಗೆ ಹವ್ಯಾಸಿ ಹುಡುಗರು ಕೆಲವು ಸೋನಿ ನೆಟ್‌ಎಂಡಿ ಯಂತ್ರಗಳ ಒಳಸಾಫ್ಟ್‌ವೇರನ್ನೇ ಭೇದಿಸಿ ಹಾಡು ಹೊರತೆಗೆಯುವ ದಾರಿ ಮಾಡಿದ್ದಾರೆ. ಆ ಯಂತ್ರಗಳಿಗೆ ಕಂಪನಿ ಇಪ್ಪತ್ತು ವರ್ಷ ಕೊಡದ್ದನ್ನು ಬಿಡುವಿನ ವೇಳೆಯಲ್ಲಿ ಕೊಟ್ಟವರು ಅವರು. ಇತ್ತ ಸೋನಿ 2013ರಲ್ಲಿ ಮಿನಿಡಿಸ್ಕ್ ಯಂತ್ರ ನಿಲ್ಲಿಸಿತು, ಖಾಲಿ ಡಿಸ್ಕಿನ ತಯಾರಿಕೆಯನ್ನೂ 2025ರ ಫೆಬ್ರುವರಿಗೆ ಮುಗಿಸಿತು.

ಹವೆಯ ಮಾತೂ ಇದೆ. ಬೆಳಗಾವಿಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಯೇ ಬೆವರುತ್ತದೆ, ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಟೇಪಿನ ಅಂಚಿಗೂ ಬಿಳಿ ಬೂಷ್ಟು. ವಿಜಯಪುರದಲ್ಲಿ ಒಣಬಿಸಿಲು, ಮೇ ತಿಂಗಳಲ್ಲಿ 42 ಡಿಗ್ರಿಯ ಆಸುಪಾಸು, ತಗಡಿನ ಟ್ರಂಕು ಕೈಯಿಟ್ಟರೆ ಸುಡುತ್ತದೆ. ಅದರ ಮೇಲೆ ಎರೆಮಣ್ಣಿನ ನುಣ್ಣನೆ ಧೂಳು. 13 ಮೈಕ್ರಾನಿನ ಗೆರೆಗೆ ಅದರ ಒಂದು ಕಣ ಬಂಡೆಗಲ್ಲು. ಟೇಪುಗಳನ್ನು ಅಟ್ಟದಿಂದ ಇಳಿಸಿ ಪಶ್ಚಿಮದ ಗೋಡೆಗೆ ತಾಗದ ನಡುಮನೆಯ ಗೂಡಿನಲ್ಲಿ ನೆಟ್ಟಗೆ ನಿಲ್ಲಿಸಿ ಇಟ್ಟರೂ ಸಾಕಷ್ಟು ಆಯುಷ್ಯ ಹೆಚ್ಚುತ್ತದೆ. ಸಿಕ್ಕ ಹಳೆಯ ಯಂತ್ರಕ್ಕೆ ‘ನೋಡೋಣ’ ಅಂತ ಹಾಕುವುದು ಮಾತ್ರ ಬೇಡ.

ಈಗ ನನ್ನ ವಾದಕ್ಕೆ ಬರುತ್ತೇನೆ. ಸಂಗ್ರಹ ಉಳಿಸುವ ಮಾತು ಬಂದಾಗೆಲ್ಲ ನಮ್ಮವರು ‘ಹಳೆಯದರಿಂದ ಶುರು ಮಾಡೋಣ’ ಅನ್ನುತ್ತಾರೆ. ಮೊದಲು ಸ್ಪೂಲ್ ಟೇಪು, ಆಮೇಲೆ ಕ್ಯಾಸೆಟ್ಟು, ಡಿಜಿಟಲ್ ಅಂತೂ ಸುರಕ್ಷಿತ, ಅದು ಕೊನೆಗೆ. ಸರದಿ ತಲೆಕೆಳಗಾಗಬೇಕು. ಮೊದಲು ಡ್ಯಾಟ್, ಅದರ ಹಿಂದೆಯೇ ಮಿನಿಡಿಸ್ಕ್, ಆಮೇಲೆ ಕ್ಯಾಸೆಟ್ಟು. ಕ್ಯಾಸೆಟ್ಟುಗಳ ಸಂಖ್ಯೆ ನೂರು ಪಟ್ಟು ಹೆಚ್ಚಿದೆ, ಅವನ್ನು ಕಾಯಿಸುವುದು ಯಾವ ನ್ಯಾಯ ಎಂದು ಕೇಳಬಹುದು. ಸಂಖ್ಯೆ ಹೆಚ್ಚಿರುವುದರಿಂದಲೇ ಅವು ಕಾಯಬಲ್ಲವು. ಯಂತ್ರವೂ ಇದೆ, ಕಲಿತವರೂ ಇದ್ದಾರೆ. ಡ್ಯಾಟ್ ಕೆಲಸ ಸಣ್ಣದು, ಮುಗಿಯುವಂಥದ್ದು. ಎರಡು ತಾಸಿನ ಟೇಪನ್ನು ಎರಡು ತಾಸು ಓಡಿಸಿಯೇ ಇಳಿಸಿಕೊಳ್ಳಬೇಕು; ನೂರು ಟೇಪಿಗೆ 200 ತಾಸು, ದಿನಕ್ಕೆ ಐದು ತಾಸು ಕೂತರೆ 40 ದಿನ. ಮನೆಗೊಂದು ಯಂತ್ರ ಬೇಕಿಲ್ಲ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೋ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವೋ ದುರಸ್ತಿಯಾದ ಎರಡು ಡೆಕ್ (ಡ್ಯಾಟ್ ಹಾಡಿಸುವ ಯಂತ್ರ) ಇಟ್ಟುಕೊಂಡು, ಡಿಜಿಟಲ್ ತಂತಿಯಿಂದಲೇ ನೇರ ಕಂಪ್ಯೂಟರಿಗೆ ಎತ್ತುವ ಒಬ್ಬರನ್ನು ಕೂಡ್ರಿಸಿದರೆ ಮೂರು ಜಿಲ್ಲೆಗೂ ಸಾಕು. ಹೆಡ್‌ಫೋನ್ ತಂತಿಯಿಂದ ಎತ್ತಿಕೊಂಡರೂ ಹಾಡು ಬರುತ್ತದೆ, ಆದರೆ ಯಾವ ಅಂಕಿ ಅಸಲಿ, ಯಾವುದು ಯಂತ್ರ ಊಹಿಸಿದ್ದು ಎಂದು ಹೇಳುವ ದೋಷಪಟ್ಟಿ ಕೈತಪ್ಪುತ್ತದೆ. ಜಾಗತಿಕ ಮಟ್ಟದಲ್ಲೂ ಟೇಪುಗಳನ್ನು ಇಳಿಸಿಕೊಳ್ಳಲು 2025ನ್ನು ಗಡುವು ಎಂದಿಟ್ಟುಕೊಂಡು ಸಂಗ್ರಹಾಲಯಗಳು ವರ್ಷಗಳಿಂದ ಎಚ್ಚರಿಸುತ್ತ ಬಂದಿವೆ. ಆ ಗಡುವು ಬಂದು ದಾಟಿತು.

ಹಾಡು ಇಳಿಸಿಕೊಂಡರಷ್ಟೇ ಮುಗಿಯಲಿಲ್ಲ, ಲೇಬಲ್ ಓದಬೇಕು. ಮಾಸ್ತರರ ಒಂದು ಡ್ಯಾಟ್ ಮೇಲೆ ‘ತಾ: ಮುಧೋಳ, ಜಿ: ವಿಜಾಪುರ’ ಎಂದಿದೆ. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಬಿಜಾಪುರ ಅಧಿಕೃತವಾಗಿ ವಿಜಯಪುರವಾದದ್ದು 2014ರಲ್ಲಿ. ಇದನ್ನು ಅರಿಯದ ಹುಡುಗ ಕಂಪ್ಯೂಟರಿನಲ್ಲಿ ಜಿಲ್ಲೆಯ ಹೆಸರು ನೋಡಿ ವಿಂಗಡಿಸಿದರೆ ಮುಧೋಳದ ಹಂತಿ ಪದ ವಿಜಯಪುರದ ಕಡತ ಸೇರುತ್ತದೆ. ಇನ್ನೊಂದರ ಮೇಲೆ ಊರಿನ ಹೆಸರಷ್ಟೇ ಇದೆ, ಆ ಊರು ಈಗ ಹಿನ್ನೀರಿನ ಕೆಳಗಿದೆ. ಯಾರು ಹಾಡಿದರು, ಯಾವ ಕಣದಲ್ಲಿ, ಸುಗ್ಗಿಯಲ್ಲೋ ಹಬ್ಬದಲ್ಲೋ, ಇವೆಲ್ಲ ಮಾಸ್ತರರ ತಲೆಯಲ್ಲಿ ಮಾತ್ರ. ಒಕ್ಕುವ ಯಂತ್ರ ಬಂದ ಮೇಲೆ ಹಂತಿ ಹೊಡೆಯುವುದೇ ನಿಂತಿದೆ. ರಾತ್ರಿ ಎತ್ತುಗಳ ಹಿಂದೆ ಮೇಟಿ ಸುತ್ತುತ್ತ ಹಾಡುವ ಆ ಏರುದನಿಯನ್ನು ಈಗ ಹೋಗಿ ಮತ್ತೆ ಮುದ್ರಿಸುತ್ತೇನೆಂದರೆ ಆಗದ ಮಾತು. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಸಿದ್ಧತೆ ನಡೆದಿದೆ. ಮತ್ತೊಂದಿಷ್ಟು ಊರುಗಳು ಏಳುತ್ತವೆ, ಮತ್ತೊಂದಿಷ್ಟು ಅಟ್ಟಗಳು ಖಾಲಿಯಾಗುತ್ತವೆ. ಮನೆ ಬಿಡುವವರು ತೆಗೆದುಕೊಂಡು ಹೋಗುವ ಸಾಮಾನಿನಲ್ಲಿ ಯಂತ್ರವಿಲ್ಲದ ಕ್ಯಾಸೆಟ್ಟಿಗೆ ಕೊನೆಯ ಜಾಗ.

ಹುಬ್ಬಳ್ಳಿಯ ಪರಿಚಿತರೊಬ್ಬರಿಂದ ಡ್ಯಾಟ್ ಡೆಕ್ಕೊಂದನ್ನು ಎರವಲು ತಂದು, ರಿಪೇರಿಯವರಿಂದ ರೋಲರ್ ಬದಲಿಸಿ, ಹೆಡ್ ಒರೆಸಿ, ಮಾಸ್ತರರ ನಡುಮನೆಯಲ್ಲಿ ಇಟ್ಟೆವು. 11ರಲ್ಲಿ 8 ಟೇಪು ಪೂರ್ತಿ ಬಂದವು. ಎರಡರಲ್ಲಿ ಅಲ್ಲಲ್ಲಿ ಧ್ವನಿ ಕಡಿದುಹೋಗಿದೆ. ಒಂದರಲ್ಲಿ ಸಮಯದ ಅಂಕಿ ಓಡುತ್ತದೆ, ಸದ್ದಿಲ್ಲ. ಪೂರ್ತಿ ಬಂದವುಗಳ ಪೈಕಿ ಒಂದರಲ್ಲಿ ಪದ ಮುಗಿದ ಮೇಲೂ ಯಂತ್ರ ನಿಲ್ಲಿಸುವುದನ್ನು ಮರೆತಿದ್ದರು. ಎತ್ತಿನ ಗಂಟೆ, ಯಾರೋ ಕೆಮ್ಮಿದ್ದು, ಆಮೇಲೆ ಒಬ್ಬ ಹೆಣ್ಣುಮಗಳ ದನಿ: ‘ಬಂದ್ ಆತೇನ್ರಿ ಅದು? ಚಾ ಕುಡದ ಹೋಗ್ರಿ.’ ಮಾಸ್ತರರು ಮತ್ತೊಂದು ಸಲ ಹಾಕಿಸಿದರು. ಮೂರನೆಯ ಸಲ ಕೇಳಿ ಗುರುತು ಹಿಡಿದು, ಕನ್ನಡಕ ಏರಿಸಿಕೊಂಡು, ಪೆನ್ಸಿಲಿನಿಂದ ಲೇಬಲ್ಲಿನ ಮೂಲೆಯಲ್ಲಿ ಅವಳ ಹೆಸರು ಬರೆದರು.